ತಾತ ಯಾವ ಟ್ರೈನಿಗೆ ಬರ್ತಾರೆ?

ಈ ವಾರ ಕೆಜಿಎಫ್‌ನ ಮಾರಿಕುಪ್ಪಂ ಗಾಡಿಯಲ್ಲಿ ಕೇಳಿದ ಮಾತಿದು. ಉರಿಗಾಂ ದಾಟಿತ್ತು. ಕಿಟಕಿ ಪಕ್ಕ ಕೂತಿದ್ದ ನಾಲ್ಕೈದು ವರ್ಷದ ಹುಡುಗಿ ಅಮ್ಮನನ್ನು ಕೇಳಿದಳು, "ಅಮ್ಮಾ, ತಾತ ಎಲ್ಲಿ?" ತಾಯಿ ಹೊರಗೆ ನೋಡುತ್ತಲೇ, "ಊರಿಗೆ ಹೋಗವ್ರೆ ಕಣಮ್ಮಾ" ಅಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಟ್ರೈನಿಗೆ ಬರ್ತಾರೆ?" ಅಂದಳು.

ಸುತ್ತ ಕೂತಿದ್ದವರಿಗೆಲ್ಲ ವಿಷಯ ಗೊತ್ತಾಯಿತು. ಒಬ್ಬರು ಬ್ಯಾಗಿನಿಂದ ಬಿಸ್ಕತ್ತು ತೆಗೆದು ಕೊಟ್ಟರು. ದೊಡ್ಡವರಾದ ನಮಗೆ ಅಂಥ ಹೊತ್ತಿನಲ್ಲಿ ತೋಚುವುದು ಅಷ್ಟೇ. ಹುಡುಗಿ ಬಿಸ್ಕತ್ತು ತಿಂದಳು. ಪ್ರಶ್ನೆಯನ್ನೇನೂ ಬಿಟ್ಟುಕೊಟ್ಟ ಹಾಗೆ ಕಾಣಲಿಲ್ಲ.

ಆ ಪ್ರಶ್ನೆಯಲ್ಲಿ ತಪ್ಪಾದರೂ ಏನಿದೆ? 2001ರ ಫೆಬ್ರವರಿ 28ಕ್ಕೆ ಇಲ್ಲಿನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಕೆಜಿಎಫ್ ಬದುಕುತ್ತಿರುವುದೇ ಈ ಗಾಡಿಗಳ ಮೇಲೆ. ನಸುಕಿಗೆ ಎದ್ದು ಡಬ್ಬಿ ಕಟ್ಟಿಕೊಂಡು, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಜನರಿದ್ದಾರೆ. ಆ ಹುಡುಗಿ ಕಂಡಂತೆ ಹೋದವರೆಲ್ಲ ಟ್ರೈನಿಗೆ ಹೋಗಿದ್ದಾರೆ, ಟ್ರೈನಿಗೇ ಬಂದಿದ್ದಾರೆ. ಅಪ್ಪ ಬಂದಿದ್ದಾನೆ, ಚಿಕ್ಕಪ್ಪ ಬಂದಿದ್ದಾನೆ. ತಾತನೊಬ್ಬ ಬರುವುದಿಲ್ಲ ಎಂದು ಅವಳು ಯಾಕೆ ನಂಬಬೇಕು? ಬೇರೆ ಊರಿನಲ್ಲಿ ನಡೆದುಹೋಗುವ ಸಮಾಧಾನದ ಮಾತು ಇಲ್ಲಿ ಮಗುವನ್ನು ಪ್ಲಾಟ್‌ಫಾರಂ ಮೇಲೆ ಕಾಯುವುದಕ್ಕೆ ನಿಲ್ಲಿಸಿಬಿಡುತ್ತದೆ.

ಹಾಗಂತ ಆ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ಹೋದದ್ದು ಅವರ ತಂದೆಯೋ ಮಾವನೋ. ಅವರ ದುಃಖವೇ ಇನ್ನೂ ಹಸಿ. ಅಂಥವರ ಕೈಗೆ ಕೊಡುವುದಕ್ಕೆ ಒಂದು ಪುಸ್ತಕವಿದೆಯೇ ಎಂದು, ಮಕ್ಕಳಿಗಾಗಿ ಅಷ್ಟಿಷ್ಟು ಬರೆಯುವ ನಾನು ಇಡೀ ವಾರ ಯೋಚಿಸಿದೆ. ತಾಯಿ ಮಗಳು ಒಟ್ಟಿಗೆ ಕೂತು ಪುಟ ತಿರುಗಿಸುತ್ತಾ, ಬಾಯಿಗೆ ಬಾರದ ಮಾತನ್ನು ಪುಸ್ತಕದ ಬಾಯಲ್ಲಿ ಹೇಳಿಸಬಹುದಾದಂಥದ್ದು.

ಇಂಗ್ಲಿಷಿನಲ್ಲಿ ಇವೆ. ಮೈಕೆಲ್ ರೋಸೆನ್ ಎಂಬ ಕವಿಯ ಹದಿನೆಂಟು ವರ್ಷದ ಮಗ 1999ರಲ್ಲಿ ತೀರಿಕೊಂಡ. 2004ರಲ್ಲಿ ಅವರು 'ಸ್ಯಾಡ್ ಬುಕ್' ಬರೆದರು, ಕ್ವೆಂಟಿನ್ ಬ್ಲೇಕ್ ಚಿತ್ರ ಬರೆದುಕೊಟ್ಟರು. ಮೊದಲ ಚಿತ್ರದಲ್ಲಿ ರೋಸೆನ್ ಹಲ್ಲು ಕಿರಿದು ನಗುತ್ತಿದ್ದಾರೆ. ಆದರೆ ಪಕ್ಕದ ಮಾತು ಓದಿದರೆ, ಆತ ದುಃಖದಲ್ಲಿದ್ದಾನೆ, ನಗದಿದ್ದರೆ ಜನ ತನ್ನನ್ನು ಇಷ್ಟಪಡಲಾರರು ಎಂದು ನಗುವಿನ ವೇಷ ಹಾಕಿದ್ದಾನೆ. ಮನೆಯಲ್ಲಿ ದೊಡ್ಡವರು ಹಾಕುವ ಈ ವೇಷವನ್ನು ಮಕ್ಕಳು ಮೊದಲೇ ಕಂಡಿರುತ್ತಾರೆ. ಹೌದು, ಅದು ವೇಷವೇ ಎಂದು ಒಬ್ಬ ದೊಡ್ಡವನು ಒಪ್ಪಿಕೊಂಡದ್ದೇ ಆ ಪುಸ್ತಕದ ದೊಡ್ಡ ಗುಣ ಎಂದು ನನಗನ್ನಿಸುತ್ತದೆ.

ಆದರೆ ನಮ್ಮ ಮನೆಯೊಳಗೇ ಇರುವುದನ್ನು ಬಿಟ್ಟು ಲಂಡನ್ನಿಗೆ ಯಾಕೆ ಹೋಗಬೇಕು? ಪುಣ್ಯಕೋಟಿ ಇದ್ದಾಳಲ್ಲ. ಗೋವಿನ ಹಾಡನ್ನು ನಾವು ಶಾಲೆಯಲ್ಲಿ ಸತ್ಯದ ಪಾಠವಾಗಿ ಕಲಿತೆವು. ಕೊಟ್ಟ ಮಾತಿಗೆ ತಪ್ಪಬಾರದು ಎಂದು ಮೇಷ್ಟ್ರು ಹೇಳಿದರು, ಪರೀಕ್ಷೆಯಲ್ಲಿ ಅದನ್ನೇ ಬರೆದೆವು. ಆ ಪಾಠದ ಭರಾಟೆಯಲ್ಲಿ ಕರು ಮೂಲೆಗೆ ಸರಿದುಬಿಟ್ಟಿತು. ಈ ವಾರ ಮತ್ತೆ ಆ ಹಾಡನ್ನು ತೆಗೆದು ಕರುವಿನ ಕಡೆಯಿಂದ ಓದಿದೆ. ಹುಲಿಯ ಹತ್ತಿರ ಕಾಲಾವಕಾಶ ಕೇಳಿಕೊಂಡು ಬಂದ ತಾಯಿ ದೊಡ್ಡಿಯಲ್ಲಿ ಮಾಡುವ ಕೆಲಸವಾದರೂ ಏನು? ಹಾಲು ಕುಡಿಸುತ್ತಾಳೆ. ತಾನು ಸಾಯಲು ಹೋಗುತ್ತಿದ್ದೇನೆ ಎಂದು ಮಗುವಿಗೆ ನೇರವಾಗಿ ಹೇಳುತ್ತಾಳೆ. ಊರಿಗೆ ಹೋಗಿ ಬರುತ್ತೇನೆ ಅನ್ನುವುದಿಲ್ಲ.

ಆಗ ಕರು ಕೇಳುವುದನ್ನು ಗಮನಿಸಿ. ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ, ದೇವರು ಹೀಗೇಕೆ ಮಾಡಿದ ಎಂದೆಲ್ಲ ಅದು ಕೇಳುವುದಿಲ್ಲ. ಹಾಲು ಯಾರು ಕೊಡುತ್ತಾರೆ, ರಾತ್ರಿ ಯಾರ ಪಕ್ಕ ಮಲಗಬೇಕು, ನನ್ನವರು ಅಂತ ಯಾರಿದ್ದಾರೆ, ಅದು ಕೇಳುವುದು ಇಷ್ಟೇ. ತಾಯಿಯೂ ಸ್ವರ್ಗದ ಮಾತು ಎತ್ತುವುದಿಲ್ಲ. ನೇರವಾಗಿ ದೊಡ್ಡಿಯ ಉಳಿದ ಹಸುಗಳ ಹತ್ತಿರ ಹೋಗುತ್ತಾಳೆ. ಇವನನ್ನು ನಿಮ್ಮ ಮಗುವಿನಂತೆ ನೋಡಿಕೊಳ್ಳಿ, ಹತ್ತಿರ ಬಂದರೆ ಕೊಂಬಿನಿಂದ ತಿವಿಯಬೇಡಿ, ಒದ್ದು ಓಡಿಸಬೇಡಿ ಎಂದು ಒಬ್ಬೊಬ್ಬರಿಗೂ ಒಪ್ಪಿಸುತ್ತಾಳೆ. ಆ ಹಾಡು ಕಟ್ಟಿದವರು ಯಾರೋ, ಅವರಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಮಕ್ಕಳ ದುಃಖ ಹಾಗೆಯೇ ಇರುತ್ತದೆ. ಅವರಿಗೆ ಮೊದಲು ಬೇಕಾಗುವುದು ನಾಳೆಯ ವ್ಯವಸ್ಥೆ. ತಾತ ಇಲ್ಲ ಅಂದರೆ ಸಂಜೆ ಸ್ಕೂಲಿನಿಂದ ಕರೆದುಕೊಂಡು ಬರುವವರು ಯಾರು? ಭಾನುವಾರ ಬಂಗಾರಪೇಟೆಗೆ ಕರೆದುಕೊಂಡು ಹೋಗಿ, ನೀರಿನಷ್ಟೇ ತಿಳಿಯಾದ ಪಾನಿಯ ಆ ನಮ್ಮೂರ ಪಾನಿಪುರಿ ಕೊಡಿಸುವವರು ಯಾರು? ಕೇಳಿದರೆ ದೊಡ್ಡವರಿಗೆ ಎದೆ ಚುರ್ ಅನ್ನುತ್ತದೆ. ಕೆಲವರಿಗೆ ಸಿಟ್ಟೂ ಬರುತ್ತದೆ, ತಾತ ಹೋದರೆ ಇದಕ್ಕೆ ಪಾನಿಪುರಿ ಚಿಂತೆ ಅಂತ. ಆದರೆ ಆ ಮಗು ಅಳುತ್ತಿರುವುದೇ ಹಾಗೆ. ತಾತ ಅಂದರೆ ಅದಕ್ಕೆ ಭಾನುವಾರದ ಆ ಪ್ಲೇಟೂ ಹೌದು. "ಇನ್ನು ಮೇಲೆ ನಾನು ಕರ್ಕೊಂಡು ಹೋಗ್ತೀನಿ, ಆದ್ರೆ ತಾತನ ಹಂಗೆ ನನಗೆ ಬರಲ್ಲ" ಎಂದು ಒಬ್ಬ ಚಿಕ್ಕಪ್ಪ ಹೇಳಿದರೆ, ಅದು ಸುಳ್ಳೂ ಅಲ್ಲ, ಬರಿಯ ಸಮಾಧಾನವೂ ಅಲ್ಲ.

ಕೆಜಿಎಫ್‌ಗೆಂದೇ ಇಂಥ ಪುಸ್ತಕ ಬರೆಯುವುದಾದರೆ ಸಾವನ್ನು ಪರಿಚಯ ಮಾಡಿಕೊಡುವ ಕೆಲಸ ಇರುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದ ಮೇಲೆ ಊರು ಭೂಮಿಯ ಒಳಗೊಳಗೆ ಬೆಳೆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್ ಮನೆಗಳೂ ನಡುಗುತ್ತಿದ್ದವು. ಮಾತು ಬಾರದ ಮಗುವಿಗೂ ಅಮ್ಮನ ಮುಖ ನೋಡಿದರೆ ಆ ನಡುಕ ಏನೆಂದು ತಿಳಿಯುತ್ತಿತ್ತು. ಇದು ಒಮ್ಮೆಗೇ ಬರುವ ಸಾವಾಯಿತು. ನಿಧಾನಕ್ಕೆ ಬರುವುದೂ ಒಂದಿತ್ತು, ಕಲ್ಲಿನ ಧೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು ಇದೇ ಗಣಿಗಳಿಂದ, 1947ರಲ್ಲಿ. ಗಣಿ ಮುಚ್ಚಿದರೂ ಕೆಮ್ಮು ಮನೆಯಲ್ಲೇ ಉಳಿಯಿತು. ಲೈನ್ ಮನೆಯೋ ಕಂಪನಿಯದು. ದುಡಿಯುವವನು ಹೋದರೆ ನಾವೆಲ್ಲಿ ಮಲಗೋದು ಅನ್ನುವ ಕರುವಿನ ಪ್ರಶ್ನೆ ಅಲ್ಲಿನ ತಾಯಂದಿರದೂ ಆಗಿತ್ತು.

ಹಾಗಾಗಿ ನನ್ನ ಮನಸ್ಸಿನಲ್ಲಿರುವ ಪುಸ್ತಕದ ತಾತ ನಕ್ಷತ್ರ ಆಗುವುದಿಲ್ಲ. ಮಂಚ, ಕೆಮ್ಮು, ಮೊಳೆಗೆ ನೇತುಹಾಕಿದ ಹಳೆಯ ಗಣಿ ಟೋಪಿ, ಇಷ್ಟು ಇದ್ದರೆ ಸಾಕು. ಒಂದು ಪುಟದಲ್ಲಿ ಕೆಮ್ಮು ನಿಂತಿರಬೇಕು. ತಾತ ಸತ್ತರು ಎಂದು ಅಮ್ಮ ಹೇಳಬೇಕು, ಅದೇ ಮಾತಿನಲ್ಲಿ. ಆಮೇಲೆ ಮಗು ಕೇಳುತ್ತಾ ಹೋಗಬೇಕು. ಆ ಟೋಪಿ ಯಾರಿಗೆ? ಮಂಚದ ಮೇಲೆ ನಾನು ಮಲಗಬಹುದಾ? ನೀನೂ ಸಾಯ್ತೀಯಾ? ಮೊದಲ ಎರಡಕ್ಕೆ ಪುಸ್ತಕ ಉತ್ತರ ಕೊಡಲಿ. ಮೂರನೆಯದನ್ನು ಓದಿ ಹೇಳುತ್ತಿರುವವರಿಗೇ ಬಿಡಬೇಕು. ಅಲ್ಲಿ ಅವರು ಪುಸ್ತಕ ಮಡಿಚಿಟ್ಟರೂ ನನಗೆ ಬೇಸರವಿಲ್ಲ.

ಇದನ್ನೆಲ್ಲ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುವ ಗೆಳತಿಯೊಬ್ಬರಿಗೆ ಹೇಳಿದೆ. ಪುಣ್ಯಕೋಟಿ ಪಾಠ ಮುಗಿದ ಮೇಲೆ ತನ್ನ ತರಗತಿಯ ಮಕ್ಕಳು ಕೇಳುವುದೇ ಬೇರೆ ಅಂದರು ಅವರು. ಹಸು ಉಳಿಯಿತಲ್ಲ, ಅದರ ಬಗ್ಗೆ ಯಾರೂ ಕೇಳುವುದಿಲ್ಲವಂತೆ. ಕೊನೆಯಲ್ಲಿ ಪ್ರಾಣ ಬಿಟ್ಟದ್ದು ಹುಲಿ. ಆ ಹುಲಿಗೆ ಮರಿಗಳಿದ್ದವಾ, ಅವಕ್ಕೆ ಯಾರು ಹೋಗಿ ಹೇಳಿದ್ರು, ಇದು ಅವರ ಪ್ರಶ್ನೆ. "ನೀವು ಏನು ಹೇಳಿದ್ರಿ?" ಅಂದೆ. "ಯಾರು ಹೇಳಿರಬಹುದು ಅಂತ ಅವರನ್ನೇ ಕೇಳ್ದೆ. ಒಬ್ಬ ಹುಡುಗ ಎದ್ದುನಿಂತು, ಪುಣ್ಯಕೋಟೀನೇ ಹೋಗಿರ್ತಾಳೆ ಮಿಸ್ ಅಂದ" ಅಂದರು.