ನೀರಿಗೆ ಅಂಜದ ಚೀಟಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ನಾನು ಡೊಂಬಿವಲಿಯವಳು. ತವರೂರು ಧಾರವಾಡದ ಕಡೆ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮನೆಯಲ್ಲೇ ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಇವತ್ತು ನಾನು ಹೇಳಬೇಕೆಂದಿರುವುದು ಚಟ್ನಿಪುಡಿಯ ರುಚಿಯ ಬಗ್ಗೆ ಅಲ್ಲ, ಅದರ ಬಾಟಲಿಗೆ ಅಂಟಿಸುವ ಚೀಟಿಯ ಬಗ್ಗೆ. ‘ಚೀಟಿಯ ಬಗ್ಗೆ ಹತ್ತು ನಿಮಿಷ ಏನು ಮಾತಾಡುತ್ತೀ?’ ಎಂದು ನಮ್ಮ ಯಜಮಾನರೇ ನಕ್ಕರು. ನಗಲಿ. ಒಂದು ಮಳೆಗಾಲ ಪೂರ್ತಿ ಈ ಚೀಟಿ ನನ್ನ ನಿದ್ದೆ ಕೆಡಿಸಿತ್ತು.

ಮುಂಬಯಿಯ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತಲ್ಲ, ಅಂಥ ಮಳೆಯೇ ಬೇಕೆಂದಿಲ್ಲ. ಸಾಧಾರಣ ಜುಲೈ ತಿಂಗಳ ಒಂದು ಮಧ್ಯಾಹ್ನ ಸಾಕು. ಅಂಥ ಒಂದು ಮಧ್ಯಾಹ್ನ ನಾನು ಎರಡು ಬಟ್ಟೆಚೀಲಗಳಲ್ಲಿ ಮೂವತ್ತಾರು ಬಾಟಲಿ ತುಂಬಿಕೊಂಡು ನಮ್ಮವರ ಒಂದು ಮಾರಾಟ ಮೇಳಕ್ಕೆ ಹೊರಟೆ. ಲೋಕಲ್ ಇಳಿದು ರಿಕ್ಷಾ ಹತ್ತುವಷ್ಟರಲ್ಲಿ ಚೀಲ ತೊಯ್ದು ತೊಪ್ಪೆಯಾಯಿತು. ಚೀಟಿಗಳನ್ನು ಮಗಳು ಮನೆಯ ಪ್ರಿಂಟರಿನಲ್ಲಿ ತೆಗೆದುಕೊಟ್ಟಿದ್ದಳು. ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರ, ಕೆಳಗೆ ಹೆಸರು, ತೂಕ, ತಾರೀಖು. ಮೇಳದಲ್ಲಿ ಚೀಲ ಬಿಚ್ಚಿ ನೋಡಿದರೆ ಮೆಣಸಿನಕಾಯಿ ಕರಗಿ ಹೆಸರಿನ ಮೇಲೆಲ್ಲ ಹರಿದಿತ್ತು. ಕೆಲವು ಚೀಟಿಗಳು ಬಾಟಲಿಯನ್ನೇ ಬಿಟ್ಟು ಚೀಲದ ತಳದಲ್ಲಿ ಮುದ್ದೆಯಾಗಿ ಕೂತಿದ್ದವು.

ಹೋಗಲಿ, ಬಾಯಲ್ಲಿ ಹೇಳಿ ಮಾರಿದರಾಯಿತು ಎಂದುಕೊಂಡೆ. ಮೊದಲು ಬಂದವರು ವಯಸ್ಸಾದ ಒಬ್ಬ ತಾಯಿ. ಎರಡು ಬಾಟಲಿ ಕೈಗೆತ್ತಿಕೊಂಡು, “ತಂಗೀ, ಇದರಾಗ ಪುಟಾಣಿದು ಯಾವುದು, ಶೇಂಗಾದ್ದು ಯಾವುದು? ನಮ್ಮ ಮೊಮ್ಮಗಗ ಶೇಂಗಾ ಆಗಿ ಬರಂಗಿಲ್ಲ. ಮೈಮ್ಯಾಲೆ ದದ್ದು ಎದ್ದು, ಉಸಿರು ಹಿಡಿತೈತಿ” ಎಂದರು.

ನಾನು ಎರಡೂ ಬಾಟಲಿ ನೋಡಿದೆ. ಎರಡರದ್ದೂ ಒಂದೇ ಬಣ್ಣ, ಎರಡಕ್ಕೂ ಅದೇ ಬ್ಯಾಡಗಿ ಮೆಣಸಿನಕಾಯಿ, ಅದೇ ಬೆಳ್ಳುಳ್ಳಿ. ಮೂಸಿ ನೋಡಿದರೆ ಹೇಳಬಲ್ಲೆ ಅನ್ನಿಸಿತು. ಆದರೆ ಶೇಂಗಾ ಆಗದ ಮಗುವಿಗೆ ಒಂದು ಚಮಚ ಸಾಕು ಜೀವಕ್ಕೆ ಕುತ್ತು ಬರಲು. ಅಂಥ ವಿಷಯದಲ್ಲಿ ನನ್ನ ಮೂಗನ್ನು ನಾನೇ ನಂಬಲಾರದೆ ಹೋದೆ. “ಇವತ್ತು ಬ್ಯಾಡ್ರಿ ಅಕ್ಕಾ” ಎಂದೆ. ಮೂವತ್ತಾರು ಬಾಟಲಿಯನ್ನೂ ವಾಪಸು ಹೊತ್ತು ತಂದೆ.

ಅವತ್ತಿನಿಂದ ಶುರುವಾಯಿತು ನನ್ನ ಸಂಶೋಧನೆ. ಮೊದಲು ತಿಳಿದುಕೊಂಡಿದ್ದು ಶಾಯಿಯ ಸ್ವಭಾವ. ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಇಂಕ್‌ಜೆಟ್ ಪ್ರಿಂಟರ್. ಅದರ ಬಣ್ಣದ ಶಾಯಿ ಹೆಚ್ಚಾಗಿ ನೀರಿನಲ್ಲಿ ಕರಗಿಸಿದ ಬಣ್ಣ. ನೀರಿನಿಂದಲೇ ಬಂದದ್ದು ನೀರು ಕಂಡರೆ ಹೊರಟುಬಿಡುತ್ತದೆ. ಅದರಲ್ಲೇ ಪಿಗ್ಮೆಂಟ್ ಶಾಯಿ ಎಂಬುದೊಂದಿದೆ. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಆದ್ದರಿಂದ ನೀರನ್ನು ಹೆಚ್ಚು ತಾಳುತ್ತದೆ. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನ ಕಥೆಯೇ ಬೇರೆ. ಅಲ್ಲಿ ಶಾಯಿಯೇ ಇಲ್ಲ. ಟೋನರ್ ಎಂಬ ಪ್ಲಾಸ್ಟಿಕ್ಕಿನ ಪುಡಿಯನ್ನು ಬಿಸಿ ಮಾಡಿ ಕಾಗದಕ್ಕೆ ಕರಗಿಸಿ ಅಂಟಿಸುತ್ತಾರೆ. ನೀರು ಅದನ್ನು ಏನೂ ಮಾಡಲಾರದು. ಹಾಗಾಗಿ ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಮಾಡಬೇಕಾದ ಕೆಲಸ ಇದೇ: ಚೀಟಿಯನ್ನು ಹೊರಗೆ ಲೇಸರಿನಲ್ಲಿ ತೆಗೆಸಿ.

ಆದರೆ ಅಕ್ಷರ ಉಳಿದರೂ ಕಾಗದ ಉಳಿಯಬೇಕಲ್ಲ? ಕಾಗದವೆಂದರೆ ನಾರು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ನೀರು ಎಳೆಯುತ್ತದೆ. ನಾನು ಒಂದು ರಾತ್ರಿ ಏಳು ಖಾಲಿ ಬಾಟಲಿಗಳಿಗೆ ಏಳು ಬಗೆಯ ಚೀಟಿ ಅಂಟಿಸಿ, ಒಂದು ದಿನ ಹಾಗೇ ಬಿಟ್ಟು, ಆಮೇಲೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ನಮ್ಮ ಯಜಮಾನರು ಸ್ನಾನಕ್ಕೆ ಬಕೆಟ್ ಹುಡುಕಿ ಬೈದರು, ಅದು ಬೇರೆ ಮಾತು.

ಬರೀ ಕಾಗದದ ಚೀಟಿ ಹೋಗಿಯೇಬಿಟ್ಟಿತ್ತು. ಬಿಳಿ ಗೋಂದನ್ನು ತೆಳ್ಳಗೆ ಮಾಡಿ ಮೇಲೆ ಹಚ್ಚಿದರೆ ಗಾಜಿನಂತಾಗುತ್ತದೆ ಎಂದು ಯಾರೋ ಹೇಳಿದ್ದರು. ಒಣಗಿದಾಗ ಚೆಂದವೇ ಇತ್ತು. ನೀರಿನಲ್ಲಿ ಮತ್ತೆ ಬಿಳಿಚಿಕೊಂಡು ಕೈಗೆ ಅಂಟತೊಡಗಿತು. ನೀರಿನ ಗೋಂದು ಎಷ್ಟೆಂದರೂ ನೀರಿನದೇ. ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ ಚೀಟಿಯಲ್ಲಿ ಕುಂಚ ಎಳೆಯುವಾಗಲೇ ಟೋನರಿನ ಅಕ್ಷರ ಕದಡಿತ್ತು. ನೀರಿಗೆ ಹೆದರದ ಟೋನರ್ ಪಾಲಿಶಿನಲ್ಲಿರುವ ದ್ರಾವಕಕ್ಕೆ ಹೆದರುತ್ತದೆ. ಸ್ಪ್ರೇ ಡಬ್ಬಿಯ ಅಕ್ರಿಲಿಕ್ ವಾರ್ನಿಷ್ ಪರವಾಗಿಲ್ಲ ಎನ್ನುವಂತಿತ್ತು. ಮೇಲೆ ಹನಿ ಬಿದ್ದರೆ ತಡೆಯುತ್ತದೆ, ರಾತ್ರಿಯಿಡೀ ಮುಳುಗಿದರೆ ತಡೆಯದು. ಅದನ್ನು ಒಮ್ಮೆಲೇ ದಪ್ಪಗೆ ಹೊಡೆಯಬಾರದು. ತೆಳ್ಳಗೆ ಮೂರು ಸಲ, ನಡುವೆ ಒಣಗಲು ಬಿಟ್ಟು ಹೊಡೆಯಬೇಕು. ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಬೇಡವೇ ಬೇಡ, ಅದು ಬೆಂಕಿ ಹಿಡಿಯುವ ವಸ್ತು. ಮಳೆ ಸುರಿಯುವ ದಿನವೂ ಬೇಡ. ಗಾಳಿಯ ತೇವಕ್ಕೆ ಹೊದಿಕೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ.

ಇನ್ನು ಟೇಪು. ಇಲ್ಲಿ ನಾನು ಕಲಿತ ಮುಖ್ಯ ಪಾಠವಿದೆ, ದಯವಿಟ್ಟು ಕಿವಿಗೊಡಿ. ಎರಡು ಬಾಟಲಿಗಳಿಗೂ ಅದೇ ಚೀಟಿ, ಅದೇ ಅಗಲದ ಪಾರದರ್ಶಕ ಪ್ಯಾಕಿಂಗ್ ಟೇಪು. ಒಂದರಲ್ಲಿ ಟೇಪನ್ನು ಚೀಟಿಯ ಅಳತೆಗೆ ಸರಿಯಾಗಿ ಕತ್ತರಿಸಿದ್ದೆ, ನೋಡಲು ಅಚ್ಚುಕಟ್ಟು. ಇನ್ನೊಂದರಲ್ಲಿ ಟೇಪು ಚೀಟಿಯನ್ನು ದಾಟಿ ನಾಲ್ಕೂ ಕಡೆ ಅರ್ಧ ಬೆರಳಿನಷ್ಟು ಗಾಜಿಗೆ ಅಂಟಿಕೊಂಡಿತ್ತು. ಬೆಳಗ್ಗೆ ನೋಡಿದರೆ ಮೊದಲನೆಯದರ ಅಂಚುಗಳಿಂದ ನೀರು ಒಳಗೆ ನುಗ್ಗಿ ಕಾಗದ ಉಬ್ಬಿತ್ತು. ಎರಡನೆಯದು ಒಣಗಿದ್ದು ಒಣಗಿದ ಹಾಗೇ. ಚೀಟಿಗೆ ನೀರು ಮೇಲಿನಿಂದ ಬರುವುದಿಲ್ಲ, ಅಂಚಿನಿಂದ ಬರುತ್ತದೆ. ನಾವೆಲ್ಲ ಮೇಲುಮುಖಕ್ಕೆ ಏನು ಹಚ್ಚೋಣವೆಂದು ತಲೆ ಕೆಡಿಸಿಕೊಳ್ಳುತ್ತೇವೆ, ಕಳ್ಳ ಪಕ್ಕದ ಬಾಗಿಲಿನಿಂದ ಬರುತ್ತಾನೆ. ಎರಡು ತುಂಡು ಟೇಪು ಸೇರಿಸಿ ಅಂಟಿಸಿದರೆ ಆ ಕೂಡಿನಲ್ಲೂ ನೀರಿಗೆ ದಾರಿ ಸಿಗುತ್ತದೆ. ಆದಷ್ಟೂ ಒಂದೇ ಅಗಲದ ತುಂಡು ಬಳಸಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆ ಚೀಲಕ್ಕೆ ಸಿಕ್ಕಿ ಮೊದಲು ಏಳುತ್ತದೆ, ಅಲ್ಲಿಂದಲೇ ಎಲ್ಲ ಸುಲಿಯುತ್ತದೆ.

ಏಳನೆಯ ಬಾಟಲಿಗೆ ಕಾಗದವೇ ಇರಲಿಲ್ಲ. ಅದು ಪಾಲಿಯೆಸ್ಟರ್ ಹಾಳೆಯ ಸ್ಟಿಕ್ಕರು, ಲೇಸರಿನಲ್ಲಿ ತೆಗೆಸಿದ್ದು. ಅದಕ್ಕೆ ಏನೂ ಆಗಿರಲಿಲ್ಲ. ಬೆಲೆ ಕಾಗದಕ್ಕಿಂತ ಹೆಚ್ಚು, ನಿಜ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಂಕ್‌ಜೆಟ್‌ಗೆಂದು ಮಾರುವ ವಿನೈಲ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಬೇಡಿ. ಒಳಗಿನ ಬಿಸಿಗೆ ಹಾಳೆ ಕರಗಿ ಯಂತ್ರಕ್ಕೇ ಅಂಟಿಕೊಂಡೀತು. ಹಾಳೆಯ ಕಟ್ಟಿನ ಮೇಲೆ ಯಾವ ಪ್ರಿಂಟರಿಗೆ ಎಂದು ಬರೆದಿರುತ್ತದೆ, ಓದಿಯೇ ಕೊಳ್ಳಿ.

ಚೀಟಿ ಎಷ್ಟೇ ಒಳ್ಳೆಯದಿರಲಿ, ಬಾಟಲಿ ಜಿಡ್ಡಾಗಿದ್ದರೆ ಅಂಟುವುದಿಲ್ಲ. ನಮ್ಮ ವ್ಯಾಪಾರದಲ್ಲಿ ನೀರಿಗಿಂತ ದೊಡ್ಡ ಶತ್ರು ಎಣ್ಣೆ. ಮೊದಲು ನಾನು ತುಂಬಿದ ಮೇಲೆ ಚೀಟಿ ಅಂಟಿಸುತ್ತಿದ್ದೆ. ಈಗ ಖಾಲಿ ಬಾಟಲಿಯನ್ನು ತೊಳೆದು, ಒಣಗಿಸಿ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಚೀಟಿ ಅಂಟಿಸಿ, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತಿ, ಒಂದು ದಿನ ಮುಟ್ಟದೆ ಬಿಡುತ್ತೇನೆ. ಈ ಬಗೆಯ ಅಂಟು ಒಮ್ಮೆಲೇ ಪೂರ್ತಿ ಹಿಡಿಯುವುದಿಲ್ಲ, ತಾಸು ಕಳೆದಂತೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ಅಂಟಿಸುವ ಪ್ರಯತ್ನ ಮಾಡಬೇಡಿ, ಅದರ ಮೈ ಬೆವರುತ್ತಿರುತ್ತದೆ.

ತಾರೀಖು ಮಾತ್ರ ಪ್ರತಿ ಸಲ ಬದಲಾಗುವುದರಿಂದ ಅದನ್ನು ಕೈಯಲ್ಲೇ ಬರೆಯುತ್ತೇನೆ. ಅದನ್ನು ಬರೆದ ಮೇಲೆಯೇ ಟೇಪು ಹಾಕುವುದು. ಜೆಲ್ ಪೆನ್ನು ಬೇಡ, ಅದರ ಶಾಯಿ ಹೆಚ್ಚಾಗಿ ನೀರಿನದು. ಬಾಲ್ ಪೆನ್ನಿನದು ಎಣ್ಣೆಯ ಶಾಯಿ, ನೀರಿಗೆ ನಿಲ್ಲುತ್ತದೆ. ಪೆನ್ಸಿಲ್ಲಂತೂ ಇನ್ನೂ ಗಟ್ಟಿ. ಅದರ ಸೀಸವೆಂದು ನಾವು ಕರೆಯುವುದು ಗ್ರಾಫೈಟ್, ಅದು ನೀರಿನಲ್ಲಿ ಕರಗುವುದೇ ಇಲ್ಲ. ಉಜ್ಜಿದರೆ ಹೋಗುತ್ತದೆ, ಆದರೆ ಟೇಪಿನಡಿ ಯಾರು ಉಜ್ಜುತ್ತಾರೆ?

ಮಕ್ಕಳು ನೀರಿನ ಬಾಟಲಿಗೆ, ಸೈಕಲ್ಲಿಗೆ ತಾವೇ ಮಾಡಿ ಅಂಟಿಸುವ ಚಿತ್ರಗಳಿಗೂ ಇದೇ ಉಪಾಯ ಸಾಕು. ಸೈಕಲ್ಲಿನದು ಬಿಸಿಲಿಗೆ ಬಣ್ಣ ಮಾಸುವುದನ್ನು ಮಾತ್ರ ಟೇಪು ತಡೆಯದು. ದಿನಾ ನಾರು ಹಾಕಿ ತಿಕ್ಕುವ ಸ್ಟೀಲ್ ಪಾತ್ರೆಗೆ ಯಾವ ಚೀಟಿಯೂ ಉಳಿಯುವುದಿಲ್ಲ. ನಮ್ಮ ಅಮ್ಮಂದಿರು ಪಾತ್ರೆಯ ಮೇಲೆ ಹೆಸರು ಕೊರೆಸುತ್ತಿದ್ದದ್ದು ಸುಮ್ಮನೆ ಅಲ್ಲ. ಈ ಊರಿನ ಡಬ್ಬಾವಾಲಾಗಳೂ ಅಷ್ಟೇ. 1890ರಲ್ಲಿ ಶುರುವಾದ ಕಸುಬು ಅದು. ಡಬ್ಬಿ ಎಲ್ಲಿಗೆ ಹೋಗಬೇಕೆಂಬ ಗುರುತನ್ನು ಅವರು ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ, ಚೀಟಿಯನ್ನು ನಂಬಿ ಕೂರುವುದಿಲ್ಲ.

ಚೀಟಿ ಉಳಿಯುವಂತಾದ ಮೇಲೆ, ಅದರ ಮೇಲೆ ಏನಿರಬೇಕು ಎಂಬ ಯೋಚನೆ ಬಂತು. ಮಾರುವ ತಿನಿಸಿನ ಮೇಲೆ ಏನೇನು ಹಾಕಿದೆ, ಯಾವಾಗ ಮಾಡಿದ್ದು, ಎಷ್ಟು ತೂಕ ಎಂಬುದೆಲ್ಲ ಇರಬೇಕೆಂದು ಕಾನೂನೇ ಹೇಳುತ್ತದೆ. ಮೆಣಸಿನಕಾಯಿಯ ಚಿತ್ರ ಸಣ್ಣದು ಮಾಡಿಸಿದೆ, ಮಗಳಿಗೆ ಸ್ವಲ್ಪ ಬೇಸರವಾಯಿತು. ಪುಟಾಣಿ ಚಟ್ನಿಪುಡಿಯ ಚೀಟಿಯಲ್ಲಿ ‘ಶೇಂಗಾ ಇಲ್ಲ’ ಎಂದು ದೊಡ್ಡದಾಗಿ ಹಾಕಿಸಲು ಹೊರಟವಳು ತಡೆದೆ. ಪುಡಿ ಮಾಡುವ ಮಿಕ್ಸರ್ ನನ್ನ ಹತ್ತಿರ ಒಂದೇ. ಕೊನೆಗೆ ‘ಶೇಂಗಾ ಹಾಕಿಲ್ಲ; ಶೇಂಗಾ ಪುಡಿ ಮಾಡುವ ಮಿಕ್ಸರಿನಲ್ಲೇ ಮಾಡಿದ್ದು’ ಎಂದು ಎರಡೂ ಮಾತು ಬರೆಸಿದೆ.

ಮುಂದಿನ ವರ್ಷ ಮೇಳಕ್ಕೆ ಆ ತಾಯಿ ಮತ್ತೆ ಬಂದರು. ಹೊರಗೆ ಧೋ ಎಂದು ಮಳೆ. ಬಾಟಲಿಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿ, ಕನ್ನಡಕ ಏರಿಸಿ, ಚೀಟಿಯನ್ನು ನಿಧಾನವಾಗಿ ಕೊನೆಯ ಸಾಲಿನ ತನಕ ಓದಿದರು. “ಹಂಗಾರ ಇದು ನಮಗ ಬ್ಯಾಡ ತಂಗೀ, ಒಂದ ಮಿಕ್ಸರ್ ಅಂತ ಬರದೀಯಲ್ಲ” ಎಂದು ಬಾಟಲಿಯನ್ನು ಕೆಳಗಿಟ್ಟರು. ಬರೀ ಉಪ್ಪಿನಲ್ಲಿ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿಯ ಎರಡು ಬಾಟಲಿ ತೆಗೆದುಕೊಂಡು, ಅವುಗಳ ಚೀಟಿಯನ್ನೂ ಓದಿಯೇ ಹಣ ಕೊಟ್ಟರು.