ಫ್ಯಾಂಟಮ್‌ನ ಊರು ಯಾವುದು?

ಸೂಪರ್‌ಹೀರೋಗಳ ಹುಟ್ಟಿನ ಕಥೆ ಬದಲಾಯಿಸಿದ್ರೆ ಅಭಿಮಾನಿಗಳು ಯಾಕೆ ಹಾಗೆ ಉರಿದುಬೀಳ್ತಾರೆ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ರಿ. ನಾನೇ ಉರಿದುಬಿದ್ದ ಕಥೆ ಹೇಳ್ತೀನಿ.

ನಾನಿರೋದು ಚೆನ್ನೈನ ಪಲ್ಲಾವರಂನಲ್ಲಿ. ಇಲ್ಲಿ ಶುಕ್ರವಾರದ ಸಂತೆ ಇದೆಯಲ್ಲ, ಹಳೇ ಫ್ಯಾನು, ಗಿಡದ ಕುಂಡ, ಒಂಟಿ ಮಿಕ್ಸಿ ಜಾರು, ಏನು ಬೇಕಾದ್ರೂ ಸಿಗುತ್ತೆ. ಅಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ಹೊರದೇಶದಲ್ಲಿ ಅಚ್ಚಾದ ಒಂದು ಫ್ಯಾಂಟಮ್ ಸಿಕ್ತು. ಮೊದಲ ಫ್ಯಾಂಟಮ್‌ನ ಕಥೆ. ಹಡಗಿನ ಮೇಲೆ ಕಡಲ್ಗಳ್ಳರ ದಾಳಿ, ಈಜಿ ದಡ ಸೇರಿದ ಮಗ, ಅಪ್ಪನನ್ನು ಕೊಂದವನ ತಲೆಬುರುಡೆ ಮುಟ್ಟಿ ಮಾಡೋ ಪ್ರತಿಜ್ಞೆ. ಎಲ್ಲಾ ಸರಿ. ಆದ್ರೆ ಕಳ್ಳರ ಹೆಸರು ಸಿಂಗ್, ನಾಡಿನ ಹೆಸರು ಬಂಗಲ್ಲಾ!

ಯಾರೋ ಕೆಡಿಸಿಟ್ಟಿದ್ದಾರೆ ಅನ್ನಿಸ್ತು. ಯಾಕಂದ್ರೆ ನಾನು ಮಾವನ ಮನೇಲಿ ಓದಿದ ಕನ್ನಡ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕಳ್ಳರು ಸಿಂಗಾ, ನಾಡು ಡೆಂಕಾಲಿ.

ಕೆಡಿಸಿದ್ದು ನಮ್ಮವರೇ. ಲೀ ಫಾಕ್ 1936ರಲ್ಲಿ ಫ್ಯಾಂಟಮ್ ಶುರು ಮಾಡಿದಾಗ ಆ ನಾಡಿನ ಹೆಸರು ಬೆಂಗಾಲಿ ಅಂತ ಇತ್ತು. ಬಂಗಲ್ಲಾ ಆಗಿದ್ದು ಆಮೇಲೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ತಂದಾಗ ಮೊದಲ 32 ಸಂಚಿಕೆಯೂ ಫ್ಯಾಂಟಮ್‌ನದೇ. ಬಂಗಾಳದವರಿಗೆ, ಸಿಂಗ್‌ಗಳಿಗೆ ಬೇಜಾರಾಗೋದು ಬೇಡ ಅಂತ ಬೆಂಗಾಲಿ ಡೆಂಕಾಲಿ ಆಯ್ತು, ಸಿಂಗ್ ಸಿಂಗಾ ಆಯ್ತು. ರಾಮ ಅನ್ನೋ ಖಳ ರಾಮಲು ಆದ. (ರಾಮನನ್ನ ಖಳ ಮಾಡಿ ಇಲ್ಲಿ ಮಾರೋಕಾಗುತ್ತಾ!) ನಮಗೆ ಬೇರೆ ಕಥೆ ಗೊತ್ತೇ ಇರ್ಲಿಲ್ಲ, ಹಾಗಾಗಿ ಗಲಾಟೆನೂ ಇರ್ಲಿಲ್ಲ.

ಮೊದಲ ಕಥೆ ಗೊತ್ತಿದ್ದಾಗ ಏನಾಗುತ್ತೆ ಅಂತ 2004ರಲ್ಲಿ ನೋಡಿದ್ವಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಚಿತ್ರಕಾರ ಜೀವನ್ ಕಾಂಗ್ ಸೇರಿ ‘ಸ್ಪೈಡರ್ ಮ್ಯಾನ್: ಇಂಡಿಯಾ’ ತಂದ್ರು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್, ಊರು ಮುಂಬೈ, ಸೊಂಟಕ್ಕೆ ಧೋತಿ. ಶಕ್ತಿ ಬರೋದು ವಿಕಿರಣದ ಜೇಡ ಕಚ್ಚಿ ಅಲ್ಲ, ಒಬ್ಬ ಯೋಗಿಯಿಂದ. ನನ್ನ ಗೆಳೆಯರು ನಕ್ಕಿದ್ದೇ ನಕ್ಕಿದ್ದು. ಜೇಡ ಕಚ್ಚಿ ಗೋಡೆ ಹತ್ತಿದ್ರೆ ನಂಬ್ತಾರಂತೆ, ಯೋಗಿ ವರ ಕೊಟ್ರೆ ನಂಬಲ್ವಂತೆ!

ಹಾಗಂತ ಅವರ ತಕರಾರು ಪೂರ್ತಿ ತಪ್ಪಲ್ಲ. 1962ರ ಆ ಜೇಡದಲ್ಲಿ ಆ ಕಾಲದ ಅಣುಬಾಂಬಿನ ಹೆದರಿಕೆ ಇತ್ತು. ಭಾರತ ಅಂದ ತಕ್ಷಣ ಯೋಗಿನ ಕರೆಸೋದು ಸೋಮಾರಿತನ ಅಂತ ನನಗೂ ಅನ್ನಿಸುತ್ತೆ. ಆದ್ರೆ ಸಹಾಯ ಮಾಡ್ಬೇಕಾದ ಹೊತ್ತಲ್ಲಿ ಮುಖ ತಿರುಗಿಸಿದ ಹುಡುಗ, ಆಮೇಲೆ ಚಿಕ್ಕಪ್ಪನ ಸಾವು, ಅಷ್ಟನ್ನ ಅವರು ಕೈಬಿಟ್ಟಿರ್ಲಿಲ್ಲ. ಅದನ್ನ ನಾವ್ಯಾರೂ ಗಮನಿಸ್ಲೇ ಇಲ್ಲ, ಧೋತಿ ನೋಡ್ತಾ ಕೂತಿದ್ವಿ. 2023ರಲ್ಲಿ ಅದೇ ಪವಿತ್ರ್ ಸಿನಿಮಾಗೆ ಬಂದಾಗ ನನ್ನ ಮಗಳು ಸೀಟಿಂದ ಎದ್ದು ಕುಣಿದ್ಲು. ಅವಳಿಗೆ ಅವನು ಯಾರ ನಕಲೂ ಅಲ್ಲ.

ಇರ್ಲಿ, ಸಂತೆಯ ಪುಸ್ತಕಕ್ಕೆ ಬರ್ತೀನಿ. ಆ ಪುಟದ ಫೋಟೋ ತೆಗೆದು ಮಾವನಿಗೆ ಕಳಿಸ್ದೆ. ಎರಡು ನಿಮಿಷಕ್ಕೆ ಫೋನ್.

“ಎಲ್ಲಿ ತಗೊಂಡ್ಯೋ ಇದನ್ನ? ಬರೀ ಅಚ್ಚಿನ ತಪ್ಪು.”

“ಇಲ್ಲ ಮಾವ, ಮೂಲ ಕಥೆ ಇದೇ ಅಂತೆ. ನಮ್ಮದೇ ತಿದ್ದಿದ್ದು.”

ಸ್ವಲ್ಪ ಹೊತ್ತು ಮಾತಿಲ್ಲ.

“ನಿಂಗೆ ಜ್ವರ ಬಂದಾಗ ರಾತ್ರಿಯೆಲ್ಲಾ ಕೂತು ಓದಿ ಹೇಳ್ತಿದ್ನಲ್ಲ, ಅದ್ಯಾವ ಊರು?”

“ಡೆಂಕಾಲಿ, ಮಾವ.”

“ಹಾಂ,” ಅಂದು ಫೋನ್ ಇಟ್ರು.