ಅಂಕಿತದ ಆಸರೆ

ಸಂಕಟ ಬಂದಾಗ ವೆಂಕಟರಮಣ ಎಂಬುದು ನಮ್ಮಲ್ಲಿ ಮನೆಮಾತಾಗಿರುವ ಗಾದೆ. ಸುಖದಲ್ಲಿ ದೇವರನ್ನು ಮರೆತು ದುಃಖದಲ್ಲಿ ಮಾತ್ರ ನೆನೆಯುವವರನ್ನು ಕಂಡು ಅದು ನಗುತ್ತದೆ. ಆ ನಗೆ ನ್ಯಾಯವಾದದ್ದೇ. ಆದರೆ ಗಾದೆ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಸುಖದಲ್ಲಿಯೂ ತಪ್ಪದೆ ನೆನೆದವನು ಸಂಕಟದಲ್ಲಿ ಕರೆದಾಗ ‘ಓ’ ಎನ್ನುವ ದನಿ ಕೇಳಿಸದೆ ಹೋದರೆ ಏನು ಮಾಡಬೇಕು? ಕೈ ಅಭ್ಯಾಸಬಲದಿಂದ ದೀಪ ಹಚ್ಚುತ್ತದೆ, ಮನಸ್ಸು ಬರಿದಾಗಿರುತ್ತದೆ. ಇದು ಕಪಟವಾಯಿತೇನೋ ಎಂಬ ಅಳುಕು ಪ್ರಾಮಾಣಿಕನಾದ ಭಕ್ತನನ್ನೇ ಹೆಚ್ಚಾಗಿ ಕಾಡುತ್ತದೆ.

ಈ ಅಳುಕಿಗೆ ನಮ್ಮ ಭಕ್ತಿಸಾಹಿತ್ಯದ ರಚನೆಯಲ್ಲೇ ಒಂದು ಸಮಾಧಾನವಿದೆ ಎಂದು ನನ್ನ ಭಾವನೆ. ವಚನವಾಗಲಿ ಕೀರ್ತನೆಯಾಗಲಿ ಸಾಮಾನ್ಯವಾಗಿ ಇಷ್ಟದೈವದ ಹೆಸರಿನಲ್ಲಿ ಮುಗಿಯುತ್ತದೆ. ಇದೇ ಅಂಕಿತ. ಕರ್ತೃ ಯಾರೆಂದು ತಿಳಿಯಲು ಒದಗುವ ಗುರುತೆಂದಷ್ಟೇ ಅದನ್ನು ಓದಿ ನಾವು ಮುಂದೆ ಹೋಗುವುದುಂಟು. ಸ್ವಲ್ಪ ನಿಂತು ನೋಡಿದರೆ ಅದರ ಅರ್ಥ ಇನ್ನೂ ಆಳವಾಗಿದೆ.

12ನೆಯ ಶತಮಾನದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಅಧಿಕಾರ, ಮನ್ನಣೆ, ಶರಣರ ಬಳಗ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಭಕ್ತಸ್ಥಲದ ಅವರ ವಚನಗಳಲ್ಲಿ ತಮ್ಮ ಮನಸ್ಸಿನ ಚಂಚಲತೆಯನ್ನು ಕುರಿತು ಎಷ್ಟೊಂದು ಮೊರೆ! 16ನೆಯ ಶತಮಾನದ ಪುರಂದರದಾಸರದು ಇದರ ಇನ್ನೊಂದು ಮುಖ. ಐತಿಹ್ಯದಂತೆ ಅವರು ಅಪಾರ ಐಶ್ವರ್ಯವನ್ನು ತೊರೆದು ವ್ಯಾಸರಾಯರ ಶಿಷ್ಯರಾದವರು. ಕೈ ಬರಿದಾದುದನ್ನೇ ಕೃಪೆಯೆಂದು ಬಗೆದವರು. ಅವರೇ ನಿಂದಾಸ್ತುತಿಯಲ್ಲಿ ದೇವರನ್ನು ಸಲಿಗೆಯಿಂದ ಜರೆಯುವುದೂ ಉಂಟು. ಸಂಪತ್ತು ಬಂದರೆ ದೇವರು ಹತ್ತಿರ, ಹೋದರೆ ದೂರ ಎಂಬ ಲೆಕ್ಕ ಇವರಿಬ್ಬರಲ್ಲಿಯೂ ನಡೆಯುವುದಿಲ್ಲ. ಆದರೆ ಹಿಗ್ಗಿನ ಹಾಡಿಗೂ ಮುನಿಸಿನ ಹಾಡಿಗೂ ಕೊನೆಯಲ್ಲಿ ನಿಲ್ಲುವ ಹೆಸರು ಒಂದೇ. ಬಸವಣ್ಣನವರಿಗೆ ಕೂಡಲಸಂಗಮದೇವ, ದಾಸರಿಗೆ ಪುರಂದರವಿಠಲ.

ವ್ಯಾಕರಣದ ಒಂದು ಸಣ್ಣ ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಅನೇಕ ಕಡೆ ಈ ಅಂಕಿತ ಸಂಬೋಧನೆಯ ರೂಪದಲ್ಲಿರುತ್ತದೆ. ‘ಅವನು ನನ್ನನ್ನು ಕೈಬಿಟ್ಟ’ ಎಂದು ನೆರೆಯವರ ಮುಂದೆ ಆಡಿಕೊಳ್ಳುವುದು ಬೇರೆ. ‘ನೀನು ನನ್ನನ್ನು ಕೈಬಿಟ್ಟೆಯಲ್ಲ’ ಎಂದು ಅವನನ್ನೇ ಕೇಳುವುದು ಬೇರೆ. ಮೊದಲನೆಯದರಲ್ಲಿ ಸಂಬಂಧ ಮುಗಿದಿದೆ. ಎರಡನೆಯದರಲ್ಲಿ ನೋವಿದೆ, ಸಂಬಂಧವೂ ಉಳಿದಿದೆ.

ಅಕ್ಕಮಹಾದೇವಿಯ ವಿರಹದ ವಚನಗಳಲ್ಲಿ ಆಕೆ ಹಕ್ಕಿಗಳನ್ನೂ ದುಂಬಿಗಳನ್ನೂ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಅವನು ಉಂಟೋ ಇಲ್ಲವೋ ಎಂಬುದು ಆಕೆಯ ಪ್ರಶ್ನೆಯಲ್ಲ. ಎಲ್ಲಿ ಎಂಬುದೇ ಪ್ರಶ್ನೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಆಕೆ ನಡೆದದ್ದು ಈ ಪ್ರಶ್ನೆಯನ್ನು ಹೊತ್ತುಕೊಂಡೇ. ಪರಿಚಯವೇ ಇಲ್ಲದವನು ಬಾರದಿದ್ದರೆ ಯಾರೂ ಬಾಗಿಲು ಕಾಯುವುದಿಲ್ಲ. ದೂರವೆಂದು ಅನ್ನಿಸಬೇಕಾದರೂ ಮೊದಲು ಒಲವಿರಬೇಕು.

ದೇವರನ್ನು ನಂಬಿ ಬಾಳುವುದೆಂದರೆ ಅವನ ಸಾನ್ನಿಧ್ಯವನ್ನು ದಿನವೂ ಅನುಭವಿಸುವುದೆಂದು ನಾವು ತಿಳಿದಿದ್ದರೆ, ಈ ಹಿರಿಯರು ನಮ್ಮನ್ನು ತಿದ್ದುತ್ತಾರೆ. ಅನುಭವ ಬರುತ್ತದೆ, ಹೋಗುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಮಾತನ್ನು ಯಾರ ಹೆಸರಿನಲ್ಲಿ ಮುಗಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಮನಸ್ಸು ಬರಿದಾದ ಸಂಜೆಯಲ್ಲಿ ದೀಪ ಹಚ್ಚುವ ಕೈ ಕಪಟದ ಕೈಯಲ್ಲ. ಹಾಡಿನ ಸಾಲುಗಳೆಲ್ಲ ಮರೆತುಹೋದರೂ ಅಂಕಿತವೊಂದನ್ನು ನೆನಪಿಟ್ಟುಕೊಂಡ ಕೈ ಅದು.